ಒನ್ ಡ್ರಾಪ್ ಕಲಿಯಲು ನೈಟ್ರೋ ಮೆಶ್: ಕಾಲಿಗೆ ಒಳ್ಳೆ ಮೇಷ್ಟ್ರು, ಎಡಗೈಗೆ ಅಷ್ಟಕ್ಕಷ್ಟೆ

ಮನೆಯಲ್ಲಿ ಡ್ರಮ್ಸ್ ಕಲಿಯಲು ಹೊರಟವರಿಗೆ ಅಲೆಸಿಸ್ ನೈಟ್ರೋ ಮೆಶ್ ಎಂಬ ಎಲೆಕ್ಟ್ರಾನಿಕ್ ಡ್ರಮ್ ಕಿಟ್ ಹೆಸರು ಹೊಸದೇನಲ್ಲ. ಇದರ ವಿಮರ್ಶೆ ಬರೆಯುವವರು ಸಾಮಾನ್ಯವಾಗಿ ಒಂದು ರಾಕ್ ಬೀಟ್ ಬಾರಿಸಿ, ಟಾಮ್‌ಗಳ ಮೇಲೆ ಒಂದು ಸುತ್ತು ಓಡಾಡಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ ಅಂದುಬಿಡುತ್ತಾರೆ. ರಾಕ್ ಬೀಟ್ ಯಾವ ಕಿಟ್‌ನಲ್ಲೂ ಚೆನ್ನಾಗಿಯೇ ಕೇಳಿಸುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಕಿಟ್‌ನ ಹುಳುಕು ಹೊರಗೆ ಬರಬೇಕಾದರೆ ಜಮೈಕಾದ ರೆಗೇ ಸಂಗೀತ ಬೆರೆತ ರಾಕ್ ಹಾಡೊಂದನ್ನು, ಅದರ ಒನ್ ಡ್ರಾಪ್ ಎಂಬ ತಾಳವನ್ನು ಎತ್ತಿಕೊಳ್ಳಬೇಕು. ಅಲ್ಲಿ ಪೆಟ್ಟು ಕಮ್ಮಿ, ನಡುವೆ ಖಾಲಿ ಜಾಗ ಜಾಸ್ತಿ. ಸ್ನೇರ್‌ನ (ಎದುರಿಗಿರುವ ಮುಖ್ಯ ಡ್ರಮ್) ಅಂಚು, ಹೈಹ್ಯಾಟ್‌ನ (ಕಾಲಿನಿಂದ ತೆರೆದು ಮುಚ್ಚುವ ಸಿಂಬಲ್ ಜೋಡಿ) ಸಣ್ಣ ಏರಿಳಿತ, ಕಾಲಿನ ಒಂದೇ ಒಂದು ಪೆಟ್ಟು, ಇಷ್ಟರಲ್ಲೇ ಹಾಡು ನಿಲ್ಲಬೇಕು.

ಪರೀಕ್ಷೆಗೆ ಆರಿಸಿಕೊಂಡದ್ದು 'ವಾಕಿಂಗ್ ಆನ್ ದಿ ಮೂನ್'. ದಿ ಪೊಲೀಸ್ ತಂಡದ 1979ರ ಹಾಡು. ಗಿಟಾರ್, ಬೇಸ್, ಡ್ರಮ್ಸ್ ಮೂರೇ ಇರುವ ತಂಡವಾದ್ದರಿಂದ ಡ್ರಮ್ಸ್ ಅಡಗಿಕೊಳ್ಳಲು ಜಾಗವೇ ಇಲ್ಲ. ಡ್ರಮ್ಮರ್ ಸ್ಟೂವರ್ಟ್ ಕೋಪ್‌ಲ್ಯಾಂಡ್. ನಮ್ಮ ಬೆಂಗಳೂರಿನ ರಿಕ್ಕಿ ಕೇಜ್ ಜೊತೆ ಮಾಡಿದ ಆಲ್ಬಂಗೆ 2022ರಲ್ಲಿ ಗ್ರ್ಯಾಮಿ ಪಡೆದವರು ಇವರೇ.

ಪೆಟ್ಟಿಗೆಯಲ್ಲಿ ಬರುವುದು: 8 ಇಂಚಿನ ಮೆಶ್ (ಬಲೆಯಂಥ ಹೊದಿಕೆಯ) ಸ್ನೇರ್, ಅಷ್ಟೇ ಅಳತೆಯ ಮೂರು ಟಾಮ್, 10 ಇಂಚಿನ ಮೂರು ಸಿಂಬಲ್ ಪ್ಯಾಡ್ (ಹೈಹ್ಯಾಟ್, ಕ್ರ್ಯಾಶ್, ರೈಡ್), ಹೈಹ್ಯಾಟ್ ಪೆಡಲ್, ನೆಟ್ಟಗೆ ನಿಲ್ಲುವ ಕಿಕ್ ಪ್ಯಾಡ್ (ಕಾಲಿನಿಂದ ಬಾರಿಸುವುದು) ಮತ್ತು ಅದರ ಪೆಡಲ್, ಸದ್ದು ಹುಟ್ಟಿಸುವ ಮಾಡ್ಯೂಲ್. ಮಾಡ್ಯೂಲ್‌ನಲ್ಲಿ 385 ಸದ್ದುಗಳಿವೆ, 40 ಕಿಟ್‌ಗಳಿಗೆ (ಅಂದರೆ ಸದ್ದುಗಳ ಜೋಡಣೆಗಳಿಗೆ) ಜಾಗವಿದೆ. ಈ ಕೆಲಸಕ್ಕೆ ನಮಗೆ ಬೇಕಾಗಿರುವುದು ಒಂದೇ ಕಿಟ್, ಅದನ್ನೂ ನಾವೇ ಕಟ್ಟಿಕೊಳ್ಳಬೇಕು.

ಮೊದಲು ತಾಳದ ಲೆಕ್ಕ. ಈ ಹಾಡಿನ ವೇಗವನ್ನು ಒಂದು ಆ್ಯಪ್ ನಿಮಿಷಕ್ಕೆ 73 ಎಣಿಕೆ ಎನ್ನುತ್ತದೆ, ಇನ್ನೊಂದು 146 ಎನ್ನುತ್ತದೆ. ಎರಡೂ ಸರಿಯೇ, ಎಣಿಸುವ ಕ್ರಮ ಬೇರೆ ಅಷ್ಟೆ. ಕಲಿಯುವವರು 146 ಇಟ್ಟುಕೊಂಡು 1, 2, 3, 4 ಎಣಿಸುವುದು ಸಲೀಸು. ಗಿಟಾರ್‌ನ ಚುಟುಕು ಮೀಟು 2 ಮತ್ತು 4ರ ಮೇಲೆ ಎಂದುಕೊಳ್ಳಿ. ಕಿಕ್ ಮತ್ತು ಸ್ನೇರ್‌ನ ಅಂಚಿನ ಪೆಟ್ಟು ಎರಡೂ ಜೊತೆಯಾಗಿ 3ರ ಮೇಲೆ. 1ರಲ್ಲಿ ಕಾಲು ಸುಮ್ಮನಿರಬೇಕು. ಬಾಬ್ ಮಾರ್ಲಿಯ ವೈಲರ್ಸ್ ತಂಡದಲ್ಲಿ ಕಾರ್ಲ್‌ಟನ್ ಬ್ಯಾರೆಟ್ ಜಗತ್ತಿಗೆಲ್ಲ ಕೇಳಿಸಿದ ಒನ್ ಡ್ರಾಪ್ ಇದೇ. ಮೃದಂಗವನ್ನೋ ತಬಲಾವನ್ನೋ ಸ್ವಲ್ಪ ಕಲಿತವರಿಗೆ ಹೇಳುವುದಾದರೆ, ಸಮವನ್ನು ಬೇಕೆಂದೇ ಖಾಲಿ ಬಿಡುವ ನುಡಿಸಾಣಿಕೆ. ಸಮಕ್ಕೆ ಪೆಟ್ಟು ಕೊಟ್ಟೇ ಬೆಳೆದ ಕಾಲು ಮೊದಲ ವಾರ ಸುತಾರಾಂ ಒಪ್ಪುವುದಿಲ್ಲ. ಬಾಯಲ್ಲಿ 'ಒಂದು' ಎಂದು ಜೋರಾಗಿ ಹೇಳಿ, ಕಾಲನ್ನು ಪೆಡಲ್ ಮೇಲೆ ಹಾಗೇ ಇಟ್ಟುಕೊಂಡು ಅಭ್ಯಾಸ ಮಾಡಿದರೆ ಬೇಗ ಹತ್ತುತ್ತದೆ.

ಈ ಕಿಟ್‌ನ ದೊಡ್ಡ ತೊಡಕು ಇರುವುದು ಆ ಅಂಚಿನ ಪೆಟ್ಟಿನಲ್ಲಿ, ಅಂದರೆ ಕ್ರಾಸ್ ಸ್ಟಿಕ್‌ನಲ್ಲಿ. ನಿಜವಾದ ಸ್ನೇರ್ ಮೇಲೆ ಅದನ್ನು ಮಾಡುವ ಕ್ರಮ ಹೀಗಿದೆ: ಸ್ಟಿಕ್ ತಿರುವಿ ಹಿಡಿದು, ಅದರ ತುದಿಯನ್ನು ಚರ್ಮದ ಮೇಲೆ ಊರಿ, ಅಂಗೈಯನ್ನು ಅಲ್ಲೇ ಒರಗಿಸಿ, ದಪ್ಪನೆಯ ಹಿಂಬದಿಯನ್ನು ಮಾತ್ರ ಎತ್ತಿ ಎದುರಿನ ಲೋಹದ ರಿಮ್ ಮೇಲೆ ಹಾಕುವುದು. ತುದಿ ಅಂಚಿಗೆ ಎಷ್ಟು ಹತ್ತಿರ ಎಂಬುದರ ಮೇಲೆ ಸದ್ದು ಬದಲಾಗುತ್ತದೆ. ಒಂದೆರಡು ಸೆಂಟಿಮೀಟರ್ ಆಚೀಚೆ ಸರಿಸಿದರೆ 'ಟಿಕ್' ಇದ್ದದ್ದು ತುಂಬಿದ 'ಟೊಕ್' ಆಗುತ್ತದೆ. 14 ಇಂಚಿನ ಸ್ನೇರ್‌ನಲ್ಲಿ ಅಂಗೈ ಆರಾಮವಾಗಿ ಕೂರುತ್ತದೆ.

8 ಇಂಚಿನ ಪ್ಯಾಡ್‌ನಲ್ಲಿ ಅಂಗೈ ಒರಗಿಸಿದರೆ ಅರ್ಧ ಪ್ಯಾಡ್ ಮುಚ್ಚಿಹೋಗುತ್ತದೆ, ಸ್ಟಿಕ್‌ನ ಬಹುಪಾಲು ಹೊರಗೇ ಉಳಿಯುತ್ತದೆ. ಪ್ಯಾಡ್‌ನಲ್ಲಿ ಎರಡು ವಲಯಗಳಿವೆ, ಮೆಶ್ ಒಂದು, ಅಂಚು ಇನ್ನೊಂದು. ಅಂಚಿಗೆ ಬೇರೆ ಸದ್ದು ಕೊಡಬಹುದು ಎನ್ನುವುದೇ ನಮ್ಮ ಪುಣ್ಯ. ಮಾಡ್ಯೂಲ್‌ನಲ್ಲಿ ಸದ್ದು ಬದಲಿಸುವ ಪುಟಕ್ಕೆ ಹೋಗಿ, ಅಂಚಿಗೆ ಒಂದು ಪೆಟ್ಟು ಕೊಟ್ಟು ಅದನ್ನು ಆರಿಸಿ, ಸೈಡ್ ಸ್ಟಿಕ್ (ಕ್ರಾಸ್ ಸ್ಟಿಕ್‌ನ ಇನ್ನೊಂದು ಹೆಸರು) ಸದ್ದು ಹುಡುಕಿ ಹಾಕಿ. ಸ್ನೇರ್‌ನ ಮೆಶ್‌ಗೆ ಬಿಗಿಯಾಗಿ ಎಳೆದ, ಮೇಲಿನ ಶ್ರುತಿಯ ಸದ್ದು ಹಾಕಿ. ದಪ್ಪ 'ಧಬ್' ಸದ್ದಿನ ಸ್ನೇರ್ ಈ ಸಂಗೀತಕ್ಕೆ ಹೊಂದುವುದಿಲ್ಲ. ಆಮೇಲೆ ಯೂಸರ್ ಕಿಟ್ ಆಗಿ ಉಳಿಸಿಕೊಳ್ಳಲು ಮರೆಯಬೇಡಿ. ಉಳಿಸದೆ ಬೇರೆ ಕಿಟ್‌ಗೆ ಹೋದರೆ ಮಾಡಿದ ಕೆಲಸ ನೀರುಪಾಲು.

ಇಷ್ಟಾದರೂ ಒಂದು ತಂಟೆ ಉಳಿಯುತ್ತದೆ. ಅಂಚಿಗೆ ಹೊಡೆದಾಗ ಅದರ ಅದುರು ಮೆಶ್‌ಗೂ ದಾಟಿ, ಸೈಡ್ ಸ್ಟಿಕ್ ಜೊತೆಗೆ ಸ್ನೇರ್ ಸದ್ದೂ ಹಾರುತ್ತದೆ. ತುದಿ ಊರಿದ್ದರೆ ಇದು ಇನ್ನೂ ಜಾಸ್ತಿ. ಮೆಶ್‌ನ ಥ್ರೆಶೋಲ್ಡ್ (ಎಷ್ಟು ಜೋರಾದ ಪೆಟ್ಟಿಗೆ ಸದ್ದು ಹೊರಡಬೇಕು ಎಂಬ ಮಿತಿ) ಏರಿಸಿದರೆ ತೊಂದರೆ ನಿಲ್ಲುತ್ತದೆ, ಆದರೆ ಅದರ ಬೆನ್ನಿಗೇ ಮೆಲ್ಲಗೆ ಬಾರಿಸುವ ಘೋಸ್ಟ್ ನೋಟ್‌ಗಳು ಮಾಯ. ಹಾಗಾಗಿ ಒಂದೊಂದೇ ಅಂಕಿ ಏರಿಸಿ, ಪ್ರತಿ ಸಲ ಹತ್ತು ಅಂಚಿನ ಪೆಟ್ಟು, ಹತ್ತು ಮೆಲುಪೆಟ್ಟು ಹಾಕಿ ನೋಡಿ. ಹತ್ತರಲ್ಲಿ ಒಂಬತ್ತು ಸಲ ಎರಡೂ ಸರಿಯಾಗಿ ಬಂದರೆ ಅಲ್ಲಿಗೆ ನಿಲ್ಲಿಸಿ, ಹತ್ತಕ್ಕೆ ಹತ್ತು ಬರಲೆಂದು ಕಾಯಬೇಡಿ.

ಕೊನೆಗೆ ಈ ಕಿಟ್‌ನಲ್ಲಿ ನೆಚ್ಚಬಹುದಾದ ದಾರಿ ಒಂದೇ: ಅಂಗೈ ಒರಗಿಸದೆ, ಸ್ಟಿಕ್‌ನ ಭುಜದಿಂದ (ತುದಿಯ ಹಿಂದೆ ಕಿರಿದಾಗುವ ಭಾಗ) ಅಂಚಿಗಷ್ಟೇ ಹೊಡೆಯುವುದು. ಸದ್ದು ಶುದ್ಧವಾಗಿ ಬರುತ್ತದೆ. ಕೈ ಮಾತ್ರ ತಪ್ಪನ್ನು ಕಲಿಯುತ್ತದೆ. ಹೀಗೆ ಮೂರು ತಿಂಗಳು ಬಾರಿಸಿ ಜಾಮ್ ರೂಮ್‌ನಲ್ಲಿ ನಿಜವಾದ ಸ್ನೇರ್ ಮುಂದೆ ಕೂತರೆ ಒಣಕಲು 'ಚಿಟ್' ಬಿಟ್ಟು ಬೇರೆ ಸದ್ದು ಹೊರಡುವುದಿಲ್ಲ. ಮನೆಯಲ್ಲಿ ದಿನಾ ಐದು ನಿಮಿಷ, ಪ್ಯಾಡ್ ಬಿಟ್ಟು ಮರದ ಸ್ಟೂಲೊಂದರ ಮೇಲೆ ಅಂಗೈ ಒರಗಿಸಿ, ಸ್ಟಿಕ್‌ನ ಹಿಂಬದಿಯನ್ನು ಅಂಚಿಗೆ ಬೀಳಿಸುವ ಅಭ್ಯಾಸ ಇಟ್ಟುಕೊಳ್ಳಿ. ನೋಡಿದವರು ನಗಬಹುದು, ಕೆಲಸವಂತೂ ಆಗುತ್ತದೆ.

ಹೈಹ್ಯಾಟ್‌ಗೆ ಬರೋಣ. ಈ ಶೈಲಿಯಲ್ಲಿ ಹೈಹ್ಯಾಟ್ ಸಮನಾಗಿ ನಡೆಯುವುದಿಲ್ಲ, ತಿಶ್ರದಲ್ಲಿ ತೂಗುತ್ತದೆ. ಪ್ರತಿ ಎಣಿಕೆಯನ್ನು 'ತಕಿಟ' ಎಂದು ಒಡೆದು, 'ಕಿ' ನುಂಗಿ, 'ತ' ಮತ್ತು 'ಟ' ಮಾತ್ರ ಬಾರಿಸಿ. 146ರಲ್ಲಿ ಒಂದು ಎಣಿಕೆಗೆ 411 ಮಿಲಿಸೆಕೆಂಡ್. 'ಟ' ಬೀಳಬೇಕಾದದ್ದು 274ಕ್ಕೆ. ಅದು 205ಕ್ಕೆ ಬಂದರೆ ನೇರ ರಾಕ್ ಆಗಿಬಿಡುತ್ತದೆ, ಹಾಡಿನ ಬಳುಕು ಅಲ್ಲಿಗೆ ಸತ್ತಂತೆ. ಸುಸ್ತಾದ ಬಲಗೈ ಯಾವಾಗಲೂ ಜಾರುವುದು ಅತ್ತಲೇ.

ನಿಜವಾದ ಹೈಹ್ಯಾಟ್‌ನಲ್ಲಿ ಒತ್ತು ಕೊಡಲು ಸ್ಟಿಕ್‌ನ ಭುಜವನ್ನು ಅಂಚಿಗೆ ತಾಗಿಸುತ್ತೇವೆ, ಮೆಲುಪೆಟ್ಟಿಗೆ ತುದಿಯನ್ನು ಮೇಲ್ಮೈಗೆ. ಸದ್ದಿನ ಬಣ್ಣವೇ ಬೇರೆಯಾಗುತ್ತದೆ. ನೈಟ್ರೋ ಮೆಶ್‌ನ ಹೈಹ್ಯಾಟ್ ಪ್ಯಾಡ್‌ಗೆ ಅಂಚು, ಮೇಲ್ಮೈ ಎಂಬ ಭೇದ ತಿಳಿಯದು. ಅದಕ್ಕೆ ಗೊತ್ತಿರುವುದು ಜೋರು ಮತ್ತು ಮೆಲ್ಲಗೆ ಮಾತ್ರ. ಹೀಗಾಗಿ ಒತ್ತನ್ನು ಸ್ಟಿಕ್‌ನ ಎತ್ತರದಿಂದಲೇ ತರಬೇಕು: ಮೆಲುಪೆಟ್ಟಿಗೆ ಮೂರ್ನಾಲ್ಕು ಸೆಂಟಿಮೀಟರ್, ಒತ್ತಿಗೆ ಒಂದು ಗೇಣು. ಇದನ್ನು ಕೊರತೆ ಎಂದರೂ ಸರಿ, ಆದರೆ ಕಲಿಯುವವರ ಕೈಯನ್ನು ಇದು ಶಿಸ್ತಿಗೆ ತರುತ್ತದೆ. ಅರ್ಧ ತೆರೆದ ಹೈಹ್ಯಾಟ್ ಮಾತ್ರ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಪೆಡಲ್ ಒತ್ತಿದ್ದು ಅಥವಾ ಬಿಟ್ಟದ್ದು ಚೆನ್ನಾಗಿ ಗೊತ್ತಾಗುತ್ತದೆ, ನಡುವಿನ ಹಂತಗಳು ಒರಟು. ಹಾಡಿಗೆ ಬೇಕಾದ ಚಿಕ್ಕ 'ತ್ಸಪ್' ತೆರೆದು ಮುಚ್ಚುವುದು ಬರುತ್ತದೆ, ಪಾದವನ್ನು ಪೂರ್ತಿ ಎತ್ತಿ ಪೂರ್ತಿ ಇಳಿಸಿದರೆ.

ಇನ್ನು ಕಾಲು. ಈ ಕಿಟ್ ಮೆಚ್ಚುಗೆ ಗಳಿಸುವುದು ಇಲ್ಲೇ. 3ರ ಮೇಲೆ ಕಿಕ್ ಮತ್ತು ಅಂಚಿನ ಪೆಟ್ಟು ಒಂದೇ ಕ್ಷಣಕ್ಕೆ ಬೀಳಬೇಕು. ಸುಮಾರು 30 ಮಿಲಿಸೆಕೆಂಡ್ ಬೇರೆಯಾದರೂ ಕಿವಿಗೆ ಎರಡು ಪೆಟ್ಟಾಗಿ ಕೇಳುತ್ತದೆ. ಜಾಮ್ ರೂಮ್‌ನ ಗದ್ದಲದಲ್ಲಿ ಇದು ಮುಚ್ಚಿಹೋಗುತ್ತದೆ, ಹೆಡ್‌ಫೋನ್‌ನಲ್ಲಿ ಬೆತ್ತಲಾಗುತ್ತದೆ. ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್‌ಗೆ ಮಿಡಿ (ಯಾವ ಪೆಟ್ಟು ಯಾವಾಗ, ಎಷ್ಟು ಜೋರು ಎಂಬ ಮಾಹಿತಿ) ರೆಕಾರ್ಡ್ ಮಾಡಿ ನೋಡಿದರೆ ಯಾವುದು ಮುಂದೆ, ಯಾವುದು ಹಿಂದೆ ಎಂದು ಗೆರೆಗಳಲ್ಲೇ ಕಾಣುತ್ತದೆ. ಕಲಿಯುವವರಲ್ಲಿ ಸಾಮಾನ್ಯವಾಗಿ ಕಾಲು ತಡ, ಏಕೆಂದರೆ ಬೀಟರ್ (ಪೆಡಲ್‌ನ ಸುತ್ತಿಗೆ) ಕ್ರಮಿಸುವ ದೂರ ಕೈಗಿಂತ ಹೆಚ್ಚು. ಬೀಟರ್ ಅನ್ನು ಪ್ಯಾಡ್‌ಗೆ ಸ್ವಲ್ಪ ಹತ್ತಿರ ನಿಲ್ಲಿಸಿಕೊಂಡು ಶುರು ಮಾಡಿ.

ಟೈಲ್ಸ್ ನೆಲದ ಮೇಲೆ ಕಿಕ್ ಪ್ಯಾಡ್ ಪ್ರತಿ ಪೆಟ್ಟಿಗೂ ಮುಂದಕ್ಕೆ ಜಾರುತ್ತದೆ. ಇಡೀ ಕಿಟ್ ಮತ್ತು ಕೂರುವ ಸ್ಟೂಲ್ ಎರಡೂ ಒಂದೇ ದಪ್ಪ ಜಮಖಾನದ ಮೇಲಿರಲಿ. ನಿಮ್ಮ ಭಾರವೇ ಅದನ್ನು ಹಿಡಿದಿಡುತ್ತದೆ. ಫ್ಲ್ಯಾಟ್‌ನಲ್ಲಿರುವವರು ಒಂದು ಮಾತು ನೆನಪಿಡಿ: ಮೆಶ್ ಸದ್ದು ಮಾಡುವುದಿಲ್ಲ ನಿಜ, ಪೆಡಲ್‌ನ ಗುದ್ದು ನೆಲದ ಮೂಲಕ ಕೆಳಮನೆಗೆ ಹೋಗಿಯೇ ಹೋಗುತ್ತದೆ. ಜಮಖಾನದ ಕೆಳಗೆ ಫೋಮ್ ಮ್ಯಾಟ್ ಎರಡು ಪದರ ಹಾಕಿದರೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ರಾತ್ರಿ ಹತ್ತರ ಮೇಲೆ ಕೈ ಮಾತ್ರ ಅಭ್ಯಾಸ ಮಾಡುವುದು ಕ್ಷೇಮ.

ಅಭ್ಯಾಸದ ವೇಗದ ಬಗ್ಗೆ ಎಲ್ಲರೂ ಕೊಡುವ ಸಲಹೆ 'ಅರ್ಧಕ್ಕೆ ಇಳಿಸು'. ಒನ್ ಡ್ರಾಪ್‌ಗೆ ಅದು ಉಲ್ಟಾ ಹೊಡೆಯುತ್ತದೆ. 146ರಲ್ಲಿ ಕಾಲಿನ ಪೆಟ್ಟುಗಳ ನಡುವೆ 1.6 ಸೆಕೆಂಡ್, 73ಕ್ಕೆ ಇಳಿಸಿದರೆ 3.3 ಸೆಕೆಂಡ್. ಅಷ್ಟು ಹೊತ್ತು ಸುಮ್ಮನಿದ್ದು ಸರಿಯಾದ ಜಾಗಕ್ಕೆ ಬೀಳುವುದು ಅನುಭವಿಗಳಿಗೂ ಕಷ್ಟ. 110ರಿಂದ ಶುರು ಮಾಡಿ, ಎರಡು ನಿಮಿಷ ತಪ್ಪದೆ ಬಂದರೆ 4 ಏರಿಸುತ್ತಾ ಹೋಗಿ. 146 ಮುಟ್ಟಿದ ಮೇಲೆ ಮಾಡ್ಯೂಲ್‌ನ ಮೆಟ್ರೊನೋಮ್ ಅನ್ನು 73ಕ್ಕೆ ಇಟ್ಟು, ಆ ಟಿಕ್‌ಗಳನ್ನು 2 ಮತ್ತು 4 ಎಂದು ಭಾವಿಸಿ ಬಾರಿಸಿ. ಟಿಕ್ ಈಗ ಗಿಟಾರ್‌ನ ಜಾಗದಲ್ಲಿದೆ. ಮೊದಲ ಸಲ ತಲೆ ತಿರುಗುತ್ತದೆ, ಹಿಡಿತಕ್ಕೆ ಸಿಕ್ಕಾಗ ಇಡೀ ಬೀಟ್ ತಾನಾಗಿ ತೂಗತೊಡಗುತ್ತದೆ.

ಹಾಡಿನ ಜೊತೆ ಬಾರಿಸಲು ಫೋನ್‌ನಿಂದ ಮಾಡ್ಯೂಲ್‌ನ ಆಕ್ಸ್ ಇನ್‌ಪುಟ್‌ಗೆ ವೈರ್ ಹಾಕಿ. ಬ್ಲೂಟೂತ್ ಹೆಡ್‌ಫೋನ್‌ಗೆ ದಾರಿ ಹುಡುಕಲು ಹೋಗಬೇಡಿ. ಕೈ ಹೊಡೆದು ಆದಮೇಲೆ ಕಿವಿಗೆ ಸದ್ದು ಬರುತ್ತದೆ, ಗೊತ್ತಿಲ್ಲದೆಯೇ ಕೈ ಮುಂದೋಡುವ ಚಟ ಅಂಟುತ್ತದೆ.

ರೆಗೇಯಿಂದ ರಾಕ್‌ಗೆ ಹೊರಳುವ ಜಾಗ ಈ ಬಗೆಯ ಹಾಡುಗಳ ಕುತ್ತಿಗೆ. ಅಲ್ಲಿಯವರೆಗೆ 3ರ ಮೇಲೆ ಅಂಚಿಗೆ ಬೀಳುತ್ತಿದ್ದ ಎಡಗೈ ಈಗ 2 ಮತ್ತು 4ರ ಮೇಲೆ ಸ್ನೇರ್ ಮಧ್ಯಕ್ಕೆ ಬೀಳಬೇಕು; ಕಿಕ್ 1 ಮತ್ತು 3ಕ್ಕೆ ಹೋಗುತ್ತದೆ. ಹೊಸಬರು ಹೊರಳಿದ ಮೊದಲ ಆವರ್ತದಲ್ಲೇ ಅಭ್ಯಾಸಬಲದಿಂದ 3ಕ್ಕೆ ಸ್ನೇರ್ ಹಾಕಿ ಎಡವುತ್ತಾರೆ. ನಾಲ್ಕು ಆವರ್ತ ಅದು, ನಾಲ್ಕು ಆವರ್ತ ಇದು ಎಂದು ನಿಲ್ಲಿಸದೆ ಹತ್ತು ನಿಮಿಷ ಸುತ್ತಿಸಿ. ಸ್ಟಿಕ್ ತಿರುಗಿಸಿಕೊಳ್ಳಲು ಸಮಯ ಸಾಲದು, ಹಿಂಬದಿಯಿಂದಲೇ ಸ್ನೇರ್ ಬಾರಿಸಿಬಿಡಿ. ರಾಕ್‌ಗೆ ಆ ದಪ್ಪ ಪೆಟ್ಟೇ ಚಂದ.

ರೈಡ್ ಪ್ಯಾಡ್‌ಗೆ ಒಂದೇ ವಲಯ. ನಡುವಿನ ಉಬ್ಬಿಗೆ ಹೊಡೆದರೆ ಗಂಟೆಯಂಥ 'ಟಿಂಗ್' ಬರಲಿ ಎಂದು ಕಾದರೆ ಬರದು. ಕ್ರ್ಯಾಶ್ ಅನ್ನು ಕೈಯಲ್ಲಿ ಹಿಡಿದು ನಿಲ್ಲಿಸಬಹುದು, ಅದು ಚೆನ್ನಾಗಿ ಕೆಲಸ ಮಾಡುತ್ತದೆ. ರೆಗೇ ರಾಕ್‌ನಲ್ಲಿ ಥಟ್ಟನೆ ನಿಲ್ಲಿಸಿದ ಕ್ರ್ಯಾಶ್‌ಗೆ ಬಹಳ ಕೆಲಸವಿದೆ. ಮಾಡ್ಯೂಲ್‌ನಲ್ಲಿ ಎರಡನೇ ಕ್ರ್ಯಾಶ್‌ಗೂ ನಾಲ್ಕನೇ ಟಾಮ್‌ಗೂ ಖಾಲಿ ಇನ್‌ಪುಟ್‌ಗಳಿವೆ. ಮೊದಲು ಖರ್ಚು ಮಾಡುವುದಿದ್ದರೆ ಒಂದು ಸಿಂಬಲ್ ಪ್ಯಾಡ್ ಕೊಂಡು ಎರಡನೇ ಕ್ರ್ಯಾಶ್‌ನ ಜಾಗದಲ್ಲಿ ಸಿಕ್ಕಿಸಿ, ಸ್ಪ್ಲ್ಯಾಶ್ (ಚಿಕ್ಕ ಸಿಂಬಲ್) ಸದ್ದು ಕೊಡಿ. ಕೋಪ್‌ಲ್ಯಾಂಡ್ ಶೈಲಿಯ ಆ ಚುರುಕು 'ಚಿಸ್' ಇಲ್ಲದೆ ಈ ಹಾಡುಗಳು ಒಗ್ಗರಣೆ ಇಲ್ಲದ ಸಾರಿನ ಹಾಗೆ.

ಹೈಹ್ಯಾಟ್‌ಗೆ ಪ್ರತಿಧ್ವನಿ ಬೇಕೆನ್ನುವವರು ಲ್ಯಾಪ್‌ಟಾಪ್ ಬಳಸಲೇಬೇಕು. ಮಿಡಿ ಮೂಲಕ ಡ್ರಮ್ ಸಾಫ್ಟ್‌ವೇರ್ ಓಡಿಸಿ, ಹೈಹ್ಯಾಟ್‌ನ ಚಾನೆಲ್ ಮೇಲೆ ಮಾತ್ರ ಡಿಲೇ ಹಾಕಿ. 411 ಮಿಲಿಸೆಕೆಂಡ್ ಇಟ್ಟರೆ ಮರುದನಿ ಮುಂದಿನ ಎಣಿಕೆಯ ಮೇಲೆ, 274 ಇಟ್ಟರೆ ತೂಗುವ 'ಟ' ಮೇಲೆ ಬೀಳುತ್ತದೆ. ಮರುದನಿ ಎರಡು ಮೂರು ಸಲ ಬಂದರೆ ಸಾಕು, ಹೆಚ್ಚಾದರೆ ಗಲಿಬಿಲಿ. ಕಂಪ್ಯೂಟರ್ ಸದ್ದನ್ನು ಕೂಡಿಸಿಟ್ಟು ಕಳಿಸುವ ಬಫರ್ 1024 ಸ್ಯಾಂಪಲ್ ಇದ್ದರೆ ಅದೊಂದರಿಂದಲೇ 23 ಮಿಲಿಸೆಕೆಂಡ್ ತಡ; 128ಕ್ಕೆ ಇಳಿಸಿದರೆ ಸುಮಾರು 3. ವಿಂಡೋಸ್‌ನಲ್ಲಿ ಆಸಿಯೋ ಡ್ರೈವರ್ (ಸದ್ದಿನ ತಡ ತಗ್ಗಿಸುವ ಸಾಫ್ಟ್‌ವೇರ್) ಇಲ್ಲದೆ ಇದಕ್ಕೆ ಕೈಹಾಕಬೇಡಿ.

ತಾಳ, ಕಾಲು, ಹೊರಳುವ ಜಾಗ ಇವಿಷ್ಟನ್ನು ಮನೆಯಲ್ಲಿ ಗಟ್ಟಿ ಮಾಡಿಕೊಳ್ಳುವವರು ಧಾರಾಳವಾಗಿ ಕೊಳ್ಳಬಹುದು. ಕ್ರಾಸ್ ಸ್ಟಿಕ್, ಅರ್ಧ ತೆರೆದ ಹೈಹ್ಯಾಟ್ ಮತ್ತು ರೈಡ್‌ನ ಟಿಂಗ್ ಈ ಮೂರಕ್ಕೆ ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಜಾಮ್ ರೂಮ್ ಬುಕ್ ಮಾಡಿ. ಹೋದಾಗ ಫಿಲ್‌ಗಳ (ನಡುವೆ ತುಂಬುವ ಚುಟುಕು ನುಡಿಸಾಣಿಕೆ) ಮೇಲೆ ಸಮಯ ಕಳೆಯಬೇಡಿ. ಮೊದಲ ಇಪ್ಪತ್ತು ನಿಮಿಷ ಬರೀ 3ರ ಮೇಲಿನ ಆ 'ಟೊಕ್' ಹುಡುಕಿ, ಸ್ಟಿಕ್‌ನ ಯಾವ ಜಾಗದಲ್ಲಿ ಅದು ಸಿಕ್ಕಿತೋ ಅಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದುಕೊಂಡು ಬನ್ನಿ.