ಟ್ರಾನ್ಸ್‌ಪೋರ್ಟರ್ ರೈಡ್‌ಶೇರ್: ನಾವು ಹಿಡಿದ 50 ಕೆಜಿ ಜಾಗ

ಹಲವರ ಸಣ್ಣ ಉಪಗ್ರಹಗಳನ್ನು ಒಂದೇ ರಾಕೆಟ್‌ನಲ್ಲಿ ಒಯ್ಯುವ ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಸೇವೆ ಟ್ರಾನ್ಸ್‌ಪೋರ್ಟರ್. ಅದರಲ್ಲಿ ನನಗೆ ಮೊದಲು ಹಿಡಿಸಿದ್ದು ರಾಕೆಟ್ ಅಲ್ಲ, ಅದರ ದರದ ಪುಟ. ತೂಕ ಹಾಕಿ, ಕಕ್ಷೆ ಆರಿಸಿ, ಯಾವಾಗ ಹೋಗಬೇಕು ಅಂತ ಹೇಳಿದರೆ ಸಾಕು, ಬೆಲೆ ಕಣ್ಣೆದುರೇ ಬರುತ್ತದೆ. ಬೆಂಗಳೂರಿನಲ್ಲಿ ಉಪಗ್ರಹ ಕಟ್ಟುವ ಒಂಬತ್ತು ಜನರ ತಂಡ ನಮ್ಮದು. ಹಿಂದೆ ಇದೊಂದು ಸಂಖ್ಯೆಗಾಗಿ ವಾರಗಟ್ಟಲೆ ಮೇಲ್ ಬರೆದು ಕಾದಿದ್ದೇನೆ. ಒಂದು ಕಂಪನಿಯಂತೂ ಉತ್ತರವನ್ನೇ ಕೊಡಲಿಲ್ಲ.

ನಮ್ಮೂರು ತೀರ್ಥಹಳ್ಳಿ ಕಡೆ. ಅಡಿಕೆ ನಾಲ್ಕೇ ಮೂಟೆ ಇದ್ದಾಗ ಅಪ್ಪ ಬೇರೆಯವರ ಲಾರಿಯಲ್ಲಿ ಜಾಗ ಕೇಳಿ ಶಿವಮೊಗ್ಗದ ಮಂಡಿಗೆ ಕಳಿಸುತ್ತಿದ್ದರು. ಇದೂ ಹಾಗೇ. ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ರಾಕೆಟ್ ಪೂರ್ತಿ ಹಿಡಿದರೆ ಸುಮಾರು 7 ಕೋಟಿ ಡಾಲರ್. ಹಂಚಿಕೊಂಡರೆ ನಮ್ಮಂಥವರಿಗೆ ಕೆಲವು ಲಕ್ಷ ಡಾಲರ್‌ನಲ್ಲಿ ಮುಗಿಯುತ್ತದೆ.

ಈ ದರ ಬಂದ ಬಗೆ ನೋಡಿ. 2019ರ ಆಗಸ್ಟ್ ಮೊದಲಲ್ಲಿ 150 ಕೆಜಿಗೆ 22.5 ಲಕ್ಷ ಡಾಲರ್ ಅಂದರು. ತಿಂಗಳು ಮುಗಿಯುವುದರೊಳಗೆ 200 ಕೆಜಿಗೆ 10 ಲಕ್ಷ ಅಂತ ಇಳಿಸಿದರು. ಕೆಜಿಗೆ 15 ಸಾವಿರ ಇದ್ದದ್ದು 5 ಸಾವಿರ! ನಮ್ಮ ಇಸ್ರೋದ ಪಿಎಸ್‌ಎಲ್‌ವಿ, ರಾಕೆಟ್ ಲ್ಯಾಬ್ ಕಂಪನಿಯ ಎಲೆಕ್ಟ್ರಾನ್ ಎರಡೂ ರಾಕೆಟ್‌ಗಳು ಸಣ್ಣ ಉಪಗ್ರಹಗಳನ್ನು ಒಯ್ಯುತ್ತಿದ್ದ ಕಾಲ ಅದು. ಫಾಲ್ಕನ್ 9ರ ಕೆಳಗಿನ ಹಂತ ವಾಪಸ್ ಬಂದು ಇಳಿದು ಮತ್ತೆ ಬಳಕೆಯಾಗುವುದರಿಂದ ಸ್ಪೇಸ್‌ಎಕ್ಸ್‌ಗೆ ದರವನ್ನು ಅಷ್ಟು ಇಳಿಸಲು ಆಯಿತು. 2021ರ ಜನವರಿಯಲ್ಲಿ ಈ ಸೇವೆಯ ಮೊದಲ ಹಾರಾಟ ಟ್ರಾನ್ಸ್‌ಪೋರ್ಟರ್-1 ಒಟ್ಟಿಗೆ 143 ಉಪಗ್ರಹ ಹೊತ್ತೊಯ್ದಾಗ, ಪಿಎಸ್‌ಎಲ್‌ವಿಯ 104ರ ದಾಖಲೆ ಹೋಯಿತು. ಅವತ್ತು ನನಗೆ ನಿಜಕ್ಕೂ ಸಂಕಟವಾಗಿತ್ತು.

ಕೊರತೆಗಳೂ ಇವೆ. 50 ಕೆಜಿಗಿಂತ ಕಡಿಮೆ ಇದ್ದರೂ 50ರ ದುಡ್ಡೇ ಕೊಡಬೇಕು. ನಮ್ಮದು 43 ಕೆಜಿ. ಉಳಿದ ಏಳು ಕೆಜಿಯನ್ನು ಸುಮ್ನೆ ಬಿಡೋದು ಯಾಕೆ ಅಂತ ಇನ್ನೊಂದು ಬ್ಯಾಟರಿ ಸೇರಿಸಿದೆವು. ಹತ್ತು ಕೆಜಿಯ ಪುಟ್ಟ ಉಪಗ್ರಹದವರಿಗೆ ಇದು ದುಬಾರಿ. ಅವರು ಎಕ್ಸೋಲಾಂಚ್‌ನಂಥ ಮಧ್ಯವರ್ತಿಗಳ ಮೂಲಕ ಹೋಗುವುದೇ ಸರಿ. ದರವೂ ಏರುತ್ತಲೇ ಇದೆ, ಈಗ ಕೆಜಿಗೆ 6,000 ಡಾಲರ್ ದಾಟಿದೆ. ಸರಿಸಮ ಎದುರಾಳಿ ಇಲ್ಲದಿದ್ದರೆ ಹೀಗೇ ಅಲ್ವಾ?

ನನಗೆ ಜಾಸ್ತಿ ಕಾಡುವುದು ಕಕ್ಷೆ. ನಮ್ಮ ಮುಂದಿನ ಉಪಗ್ರಹ ದಿನಕ್ಕೆ ಹಲವು ಸಲ ಕರ್ನಾಟಕದ ಮೇಲೆ ಹಾಯಬೇಕು. ಅದಕ್ಕೆ ಭೂಮಧ್ಯರೇಖೆಗೆ ಹತ್ತಿರದ ದಾರಿ ಬೇಕು. ಟ್ರಾನ್ಸ್‌ಪೋರ್ಟರ್ ಹೋಗುವುದು ಧ್ರುವಗಳ ಹತ್ತಿರ ಹಾಯುವ ಕಕ್ಷೆಗೆ. 500 ಕೆಜಿ ಹೊರುವ ಇಸ್ರೋದ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿಯ ತಯಾರಿಕೆಯನ್ನು 2025ರಲ್ಲಿ ಎಚ್‌ಎಎಲ್ ಗೆದ್ದುಕೊಂಡಿದೆ. ಅವರೂ ಇಂಥದ್ದೇ ಒಂದು ದರದ ಪುಟ ತೆರೆಯಲಿ. ಮೊದಲ ದಿನವೇ ನಮ್ಮ ತೂಕ ಹಾಕಿ ನೋಡುತ್ತೇನೆ.