‘105 ಸೈಕಲ್ ಸರ್, ಫುಲ್ ಕಾರ್ಬನ್’: ಹಳೆಯ ರೋಡ್ ಬೈಕ್ ಕೊಳ್ಳುವ ಮುನ್ನ ಇದನ್ನು ಓದಿ

ಮೂವತ್ತೈದು ನಲವತ್ತು ಸಾವಿರ ಕೈಯಲ್ಲಿಟ್ಟುಕೊಂಡು, ಬ್ರೆವೆಗೋ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಬೇರೆ ದೂರದ ಸವಾರಿಗೋ ಒಂದು ರೋಡ್ ಬೈಕ್, ಅಂದರೆ ಬಾಗಿದ ಹ್ಯಾಂಡಲಿನ ಸೈಕಲ್, ಬೇಕು ಅಂತ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೊಸದಕ್ಕೆ ದುಡ್ಡು ಸಾಲದು, ಸೆಕೆಂಡ್ ಹ್ಯಾಂಡ್‌ನಲ್ಲಾದರೆ ಅದೇ ದುಡ್ಡಿಗೆ ಒಳ್ಳೆ ಮಾಲು ಸಿಗುತ್ತದೆ ಅನ್ನುವುದು ಎಲ್ಲರ ಲೆಕ್ಕ. ಲೆಕ್ಕವೇನೋ ಸರಿಯೇ. ಆದರೆ ಅದನ್ನೇ ಬಂಡವಾಳ ಮಾಡಿಕೊಂಡ ಅಂಗಡಿಗಳು ಬೆಂಗಳೂರಿನಲ್ಲಿವೆ. ಅಂಥ ಒಂದು ಕಡೆ ನನಗೆ 38,000ಕ್ಕೆ ಮಾರಿದ ಸೈಕಲ್‌ನಲ್ಲಿ ಏನೇನು ಅಡಗಿತ್ತು ಅಂತ ಬಿಡಿಸಿ ಹೇಳುತ್ತೇನೆ. ಅಂಗಡಿ ಹೆಸರು ಹಾಕುವುದಿಲ್ಲ, ದಯವಿಟ್ಟು ಕೇಳಬೇಡಿ. ಇದೇ ಕೈಚಳಕ ಇನ್ನೂ ಹತ್ತು ಕಡೆ ನಡೆಯುತ್ತದೆ.

ಮೊದಲು ಒಂದು ಸಣ್ಣ ಗಣಿತ, ಏಕೆಂದರೆ ಅಂಗಡಿಯವರು ಮಾರುವುದೆಲ್ಲ ‘ಸ್ಪೀಡ್’ ಹೆಸರಲ್ಲೇ. 200 ಕಿ.ಮೀ. ಬ್ರೆವೆ ಮುಗಿಸಲು ಸಿಗುವ ಸಮಯ ಹದಿಮೂರೂವರೆ ಗಂಟೆ. ತಿಂಡಿ, ಪಂಕ್ಚರು, ಕಂಟ್ರೋಲ್‌ನಲ್ಲಿ (ದಾರಿಯ ತಪಾಸಣೆ ಜಾಗ) ಸಹಿ ಹಾಕಿಸುವುದು ಎಲ್ಲ ಸೇರಿ ಗಂಟೆಗೆ ಸರಾಸರಿ 15 ಕಿ.ಮೀ. ಕೂಡ ಬೇಡ. 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ರೋಡ್ ಬೈಕೇ ಆಗಬೇಕು ಅನ್ನುವ ನಿಯಮವೂ ಇಲ್ಲ, ಹೈಬ್ರಿಡ್‌ನಲ್ಲಿ (ನೇರ ಹ್ಯಾಂಡಲಿನ ಸೈಕಲ್) ಸೂಪರ್ ರಾಂಡನರ್, ಅಂದರೆ ಒಂದೇ ಋತುವಿನಲ್ಲಿ ಈ ನಾಲ್ಕೂ ದೂರ ಮುಗಿಸಿದವರು, ಆದವರಿದ್ದಾರೆ. ಅಂದರೆ ನಮಗೆ ಬೇಕಿರುವುದು ಹತ್ತು ಹನ್ನೆರಡು ಗಂಟೆ ಕುಳಿತರೂ ಮೈ ನೋಯಿಸದ, ದಾರಿಯಲ್ಲಿ ಕೈಕೊಡದ, ಕೈಕೊಟ್ಟರೂ ಊರ ಅಂಗಡಿಯಲ್ಲಿ ರಿಪೇರಿಯಾಗುವ ಸೈಕಲ್. ನನಗೆ ಕೊಟ್ಟದ್ದರಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ.

‘105 ಸೈಕಲ್ ಸರ್’ ಅಂದರು. ಶಿಮಾನೊ ಕಂಪನಿಯ ರಸ್ತೆ ಗ್ರೂಪ್‌ಸೆಟ್‌ಗಳಲ್ಲಿ (ಗೇರ್, ಬ್ರೇಕ್ ಭಾಗಗಳ ಕಟ್ಟು) ಕೆಳಗಿನಿಂದ ಕ್ಲಾರಿಸ್, ಸೋರಾ, ಟಿಯಾಗ್ರಾ, ಅದರ ಮೇಲೆ 105. ಹಿಂದಿನ ಡಿರೈಲರ್ (ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಮೇಲೆ 105 ಅಂತ ಎದ್ದು ಕಾಣುವಂತೆ ಬರೆದಿತ್ತು, ಸುಳ್ಳೇನಲ್ಲ. ಆದರೆ 105 ಇದ್ದದ್ದು ಅಲ್ಲೊಂದೇ. ಶಿಫ್ಟರ್‌ಗಳು (ಹ್ಯಾಂಡಲ್ ಮೇಲಿನ ಗೇರ್ ಬದಲಿಸುವ ಹಿಡಿಗಳು) ಹಳೆಯ 10 ಸ್ಪೀಡ್, ಅಂದರೆ ಹಿಂದೆ ಹತ್ತು ಗೇರ್‌ನ, ಟಿಯಾಗ್ರಾ, ಬ್ರೇಕ್‌ಗಳಿಗೆ ಹೆಸರೇ ಇಲ್ಲ, ಕ್ರ್ಯಾಂಕ್ (ಪೆಡಲ್ ಕೂರುವ ಕೈಗಳು, ಮುಂದಿನ ಹಲ್ಲುಚಕ್ರಗಳ ಸಮೇತ) ಇನ್ನಾವುದೋ ಸೈಕಲ್‌ನಿಂದ ಬಂದದ್ದು. ಮಾರುವವರು ಎಲ್ಲಕ್ಕಿಂತ ಮೊದಲು ಬದಲಿಸುವುದು ಆ ಡಿರೈಲರನ್ನೇ, ಏಕೆಂದರೆ ಫೋಟೊದಲ್ಲಿ ಕಾಣುವುದು ಅದು, ಕೊಳ್ಳುವವರ ಕಣ್ಣು ಹೋಗುವುದೂ ಅಲ್ಲಿಗೆ. ಪ್ರತಿ ಶಿಮಾನೊ ಬಿಡಿಭಾಗದ ಮೇಲೂ ಸಣ್ಣಗೆ ಒಂದು ಸಂಖ್ಯೆ ಕೊರೆದಿರುತ್ತದೆ: ಆರ್‌ಡಿ ಅಂದರೆ ಹಿಂದಿನ ಡಿರೈಲರ್, ಎಸ್‌ಟಿ ಅಂದರೆ ಶಿಫ್ಟರ್, ಎಫ್‌ಸಿ ಅಂದರೆ ಕ್ರ್ಯಾಂಕ್. ನನ್ನದರಲ್ಲಿ ಡಿರೈಲರ್ ಆರ್‌ಡಿ-5700, ಶಿಫ್ಟರ್ ಎಸ್‌ಟಿ-4600. ಎರಡೂ 10 ಸ್ಪೀಡ್ ಆದ್ದರಿಂದ ಒಂದಕ್ಕೊಂದು ಹೊಂದಿಕೊಂಡು ಗೇರ್ ಬೀಳುತ್ತಿತ್ತು, ಹೀಗಾಗಿ ಓಡಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಮೊಬೈಲ್ ಟಾರ್ಚ್ ಹಾಕಿ ಮೂರೂ ಸಂಖ್ಯೆ ಓದಿ. ಅಂಗಡಿಯವನು ಚಡಪಡಿಸಿದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು ಅಂದುಕೊಳ್ಳಿ.

ಇನ್ನು ‘ಫುಲ್ ಕಾರ್ಬನ್’. ಫೋರ್ಕ್ (ಮುಂಚಕ್ರ ಹಿಡಿಯುವ ಕವೆ) ಮಾತ್ರ ಕಾರ್ಬನ್, ಫ್ರೇಮ್ ಅಲ್ಯೂಮಿನಿಯಂ. ಇದರ ಬಗ್ಗೆ ನನಗೆ ಅಂಥ ದುಃಖವಿಲ್ಲ. ನಿಜವಾದ ಹಳೆಯ ಕಾರ್ಬನ್ ಫ್ರೇಮ್ ಆಗಿದ್ದರೆ ಇನ್ನೂ ಹೆದರಬೇಕಿತ್ತು, ಬಣ್ಣದ ಕೆಳಗಿನ ಬಿರುಕು ಬರಿಗಣ್ಣಿಗೆ ಕಾಣುವುದಿಲ್ಲ.

ನಿಜವಾದ ಮೋಸ ಇದ್ದದ್ದು ಹೊಸ ಚೈನ್‌ನಲ್ಲಿ. ‘ನೋಡಿ ಸರ್, ನಿಮಗೋಸ್ಕರ ಹೊಸ ಚೈನ್ ಹಾಕ್ಸಿದೀವಿ’ ಅಂದಾಗ ಯಾರಿಗಾದರೂ ಖುಷಿಯಾಗುತ್ತದೆ. ಹೊಳೆಯುವ ಚೈನ್, ಎಣ್ಣೆ ಹಚ್ಚಿ ಒರೆಸಿಟ್ಟ ಗೇರು. ಅಂಗಡಿ ಮುಂದಿನ ಗಲ್ಲಿಯಲ್ಲಿ ಎರಡು ಸುತ್ತು ಹೊಡೆದರೆ ಬೆಣ್ಣೆಯಂತೆ ಓಡುತ್ತದೆ. ಆಗುವುದು ಇಷ್ಟು: ಚೈನ್ ಸವೆದಂತೆ ಅದರ ಪಿನ್ನುಗಳ ನಡುವಿನ ಅಂತರ ಹಿಗ್ಗುತ್ತದೆ, ಹಿಗ್ಗಿದ ಚೈನ್ ಕ್ಯಾಸೆಟ್‌ನ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು) ಹಲ್ಲುಗಳನ್ನೂ ತನ್ನ ಅಳತೆಗೆ ತೇಯುತ್ತದೆ. ಹಳೇ ಚೈನ್ ಹಳೇ ಕ್ಯಾಸೆಟ್ ಹೇಗೋ ಸಂಸಾರ ಮಾಡಿಕೊಂಡಿರುತ್ತವೆ. ಆ ತೇದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಅದು ಕೂರುವುದಿಲ್ಲ. ಸಮತಟ್ಟಿನಲ್ಲಿ ನಿಧಾನಕ್ಕೆ ತುಳಿದರೆ ಗೊತ್ತಾಗದು. ಏರಿನಲ್ಲಿ ಎದ್ದು ನಿಂತು ಜೋರಾಗಿ ತುಳಿದ ಕೂಡಲೇ ‘ಟಕ್’ ಅಂತ ಚೈನ್ ಹಲ್ಲು ತಪ್ಪಿ ಹಾರುತ್ತದೆ.

ದೇವನಹಳ್ಳಿ ದಾಟಿ ನಂದಿ ಕಡೆ ಹೋಗುವಾಗ ಸಿಗುವ ಸಣ್ಣ ಏರಿನಲ್ಲೇ ಅದು ಶುರುವಾಯಿತು. ಮಧ್ಯದ ಗೇರ್‌ಗಳಲ್ಲಿ, 15, 17, 19 ಹಲ್ಲಿನವುಗಳಲ್ಲಿ, ಯಾವಾಗಲೂ ಹೆಚ್ಚು ಬಳಕೆಯಾಗುವುದು ಅವೇ. ಒಮ್ಮೆ ಹಾರಿದಾಗ ಬಲಗಾಲು ಸೀದಾ ಕೆಳಗೆ ಕುಸಿಯಿತು, ಮೇಲಿನ ಪೈಪ್ ಎಲ್ಲಿ ತಾಗಿತು ಅಂತ ಗಂಡಸರಿಗೆ ಬಿಡಿಸಿ ಹೇಳಬೇಕಿಲ್ಲ. ಹಿಂದೆ ಒಂದು ಲಾರಿ ಬರುತ್ತಿತ್ತು, ನಾನು ಎಡಕ್ಕೆ ಬಿದ್ದೆ.

ಹಳೇ ಚೈನನ್ನೇ ಬಿಟ್ಟಿದ್ದರೆ ಸವೆತ ಹಿಡಿಯಲು ಹತ್ತು ರೂಪಾಯಿಯ ಅಡಿಕೋಲು ಸಾಕು. ಚೈನ್‌ನ ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಇಟ್ಟು 24 ಪಿನ್ ಎಣಿಸಿ, ಹೊಸ ಚೈನ್ ಆದರೆ 24ನೇ ಪಿನ್ ಸರಿಯಾಗಿ 12 ಇಂಚಿಗೆ ನಿಲ್ಲುತ್ತದೆ. ಹನ್ನೆರಡರ ಮೇಲೆ ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನ್ ಬದಲಿಸುವ ಹೊತ್ತು, ಎಂಟನೇ ಒಂದು ಭಾಗ ಹೆಚ್ಚಿದ್ದರೆ ಕ್ಯಾಸೆಟ್ಟೂ ಹೋಗಿದೆ. ಆದರೆ ನನ್ನಂತೆ ಹೊಸ ಚೈನ್ ಹಾಕಿಕೊಟ್ಟಿದ್ದರೆ ಅಡಿಕೋಲಿಗೂ ಏನೂ ಸಿಗುವುದಿಲ್ಲ. ಆಗ ಒಂದೇ ದಾರಿ: ಹತ್ತಿರದ ಫ್ಲೈಓವರ್‌ಗೋ ಏರಿಗೋ ಒಯ್ದು, ಪ್ರತಿ ಗೇರ್‌ನಲ್ಲೂ ಭಾರ ಬಿಟ್ಟು ತುಳಿದು ನೋಡುವುದು. ‘ಇಲ್ಲೇ ಗಲ್ಲೀಲಿ ನೋಡಿ ಸಾಕು’ ಅಂದರೆ ಅಲ್ಲಿಂದ ಎದ್ದು ಬನ್ನಿ.

ಕ್ರ್ಯಾಂಕ್ ಬಗ್ಗೆಯೂ ಹೇಳಲೇಬೇಕು. ಮುಂದಿನ ಎರಡು ಚೈನ್‌ರಿಂಗ್‌ಗಳಿಗೆ (ಹಲ್ಲುಚಕ್ರ) 53 ಮತ್ತು 39 ಹಲ್ಲು, ಹಿಂದೆ ದೊಡ್ಡದೆಂದರೆ 25. ರೇಸ್ ಓಡಿಸುವವರ ಹಲ್ಲುಗಳು. ನಂದಿಯಂಥ ಬೆಟ್ಟದಲ್ಲಿ ನಮ್ಮಂಥವರು ಗಂಟೆಗೆ ಎಂಟು ಕಿ.ಮೀ. ಹತ್ತಿದರೆ ಪುಣ್ಯ. ಆ ವೇಗದಲ್ಲಿ 39-25ಕ್ಕೆ ನಿಮಿಷಕ್ಕೆ ನಲವತ್ತು ಸುತ್ತು ಮಾತ್ರ ತುಳಿಯಲಾಗುತ್ತದೆ, ಮಂಡಿಯ ಮೇಲೆ ಬೀಳುವ ಭಾರ ನೀವೇ ಊಹಿಸಿ. 34-32 ಇದ್ದರೆ ಅದೇ ವೇಗಕ್ಕೆ ಅರವತ್ತು ಸುತ್ತು ಬರುತ್ತದೆ. ‘ಚಿಕ್ಕ ಚೈನ್‌ರಿಂಗ್ ಹಾಕ್ಸಿಬಿಡಿ ಸರ್, ಎಂಟುನೂರು ರೂಪಾಯಿ’ ಅಂತ ಅಂಗಡಿಯವರು ಸಲೀಸಾಗಿ ಹೇಳಿದರು. ಹಾಕಿಸಲು ಆಗುವುದೇ ಇಲ್ಲ! ಆ ಕ್ರ್ಯಾಂಕ್‌ನ ಬೋಲ್ಟ್ ವೃತ್ತ (ರಿಂಗ್ ಬಿಗಿಯುವ ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ) 130 ಮಿ.ಮೀ., ಅದಕ್ಕೆ 38 ಹಲ್ಲಿಗಿಂತ ಚಿಕ್ಕ ರಿಂಗ್ ಕೂರದು. 34 ಬೇಕೆಂದರೆ 110ರ ಕಾಂಪ್ಯಾಕ್ಟ್ ಕ್ರ್ಯಾಂಕ್, ಅಂದರೆ ಇಡೀ ಕ್ರ್ಯಾಂಕೇ ಬದಲಾಗಬೇಕು. ಹಿಂದೆ 32 ಹಲ್ಲಿನ ದೊಡ್ಡ ಕ್ಯಾಸೆಟ್ ಹಾಕೋಣವೆಂದರೆ ಚಿಕ್ಕ ಪಂಜರದ ಆ ಡಿರೈಲರ್ ಹಿಡಿಯುವುದಿಲ್ಲ.

ಇಷ್ಟೆಲ್ಲ ದುಡ್ಡು ಸುರಿದರೆ ಸರಿಹೋಗುವ ವಿಷಯ. ಸರಿಹೋಗದ್ದು ಅಳತೆ. ನನ್ನ ಎತ್ತರ ಐದು ಅಡಿ ಆರಿಂಚು, 52 ಅಥವಾ 54 ಸೆಂ.ಮೀ. ಅಳತೆಯ ಫ್ರೇಮ್ ಹೊಂದುತ್ತದೆ. ಕೊಟ್ಟದ್ದು 56. ‘ಸ್ಟೆಮ್ ಚಿಕ್ಕದು ಹಾಕಿ, ಸೀಟ್ ಮುಂದಕ್ಕೆ ತಳ್ಳಿದ್ರೆ ಅಡ್ಜಸ್ಟ್ ಆಗುತ್ತೆ ಸರ್’ ಅಂದರು (ಸ್ಟೆಮ್ ಅಂದರೆ ಹ್ಯಾಂಡಲನ್ನು ಫೋರ್ಕ್‌ಗೆ ಜೋಡಿಸುವ ತುಂಡು), ನನ್ನ ಕಣ್ಣೆದುರೇ ಹಾಗೆ ಮಾಡಿಯೂ ಕೊಟ್ಟರು. ಸೀಟ್ ಇರುವ ಜಾಗ ನಿರ್ಧಾರವಾಗುವುದು ಮಂಡಿ ಪೆಡಲ್ ಮೇಲೆ ಎಲ್ಲಿ ಬರುತ್ತದೆ ಅನ್ನುವುದರಿಂದ, ಕೈಗೆ ಹ್ಯಾಂಡಲ್ ಎಟುಕಲಿ ಅಂತಲ್ಲ. ಸೀಟ್ ಮುಂದೆ ತಳ್ಳಿದ್ದಕ್ಕೆ ಮಂಡಿಚಿಪ್ಪಿನ ಕೆಳಗೆ ನೋವು, ಸ್ಟೆಮ್ ಚಿಕ್ಕದಾದ್ದಕ್ಕೆ ಇಳಿಜಾರಿನಲ್ಲಿ ಹ್ಯಾಂಡಲ್ ಚಂಚಲ, ಮೈಭಾರವೆಲ್ಲ ಅಂಗೈ ಮೇಲೆ ಬಿದ್ದು ಕಿರುಬೆರಳು ಉಂಗುರ ಬೆರಳು ಮರಗಟ್ಟಿದವು. ಅಂಗಿ ಗುಂಡಿ ಹಾಕಲು ಆ ಸಂಜೆ ಹೆಂಡತಿಯನ್ನು ಕರೆಯಬೇಕಾಯಿತು.

ಹ್ಯಾಂಡಲ್ ಎತ್ತರಿಸೋಣ ಅಂತ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಒಯ್ದರೆ ಅವರು ಸ್ಟೆಮ್ ಬಿಚ್ಚಿ ತೋರಿಸಿದರು: ಹಿಂದಿನ ಮಾಲೀಕ ಸ್ಟೀರರ್ ಪೈಪನ್ನು (ಫೋರ್ಕ್‌ನಿಂದ ಮೇಲೆ ಬಂದು ಸ್ಟೆಮ್ ಹಿಡಿಯುವ ಕೊಳವೆ) ಬುಡಕ್ಕೇ ಕತ್ತರಿಸಿದ್ದ. ಸ್ಟೆಮ್ ಕೆಳಗಾಗಲಿ ಮೇಲಾಗಲಿ ಒಂದೂ ಸ್ಪೇಸರ್ ರಿಂಗ್ (ಎತ್ತರ ಕೊಡುವ ಬಳೆ) ಇಲ್ಲದ ಹಳೇ ಸೈಕಲ್ ಕಂಡರೆ ಹೀಗಾಗಿದೆ ಅಂತಲೇ ಅರ್ಥ. ಹೊಸ ಫೋರ್ಕ್ ಹಾಕಿಸದೆ ಹ್ಯಾಂಡಲನ್ನು ಇನ್ನು ಹೆಚ್ಚು ಮೇಲೆ ತರುವುದು ಕಷ್ಟ.

ಕೊನೆಯ ಪೆಟ್ಟು ಮದ್ದೂರಿನಲ್ಲಿ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಮೋಟರ್‌ಬೈಕು, ಆಟೊ, ಸೈಕಲ್‌ಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ, ಅದರ ಹಂಪುಗಳನ್ನೂ ಹೊಂಡಗಳನ್ನೂ ಬಲ್ಲವರೇ ಬಲ್ಲರು. ನನ್ನ ಸೈಕಲ್‌ಗೆ 23 ಮಿ.ಮೀ. ಟೈರು; ಫ್ರೇಮ್ ಮತ್ತು ಬ್ರೇಕ್ ನಡುವೆ 25ಕ್ಕಿಂತ ದಪ್ಪದ್ದಕ್ಕೆ ಜಾಗವೇ ಇಲ್ಲ. ಹಿಂಚಕ್ರದಲ್ಲಿ ಬರೀ 24 ಕಡ್ಡಿ, ಅವೂ ಚಪ್ಪಟೆಯವು, ನೋಡಲು ಚೆಂದ. ಒಂದು ಕಡ್ಡಿ ಪಟ್ ಅಂತ ಮುರಿದು ರಿಮ್ ಬೆಂಡಾಗಿ ಬ್ರೇಕ್‌ಗೆ ಉಜ್ಜತೊಡಗಿತು. ಬ್ರೇಕ್ ಸಡಿಲಿಸಿದರೂ ಉಜ್ಜುತ್ತಲೇ ಇತ್ತು. 32 ಕಡ್ಡಿಯ ಚಕ್ರವಾಗಿದ್ದರೆ ಹೇಗೋ ಮನೆ ಮುಟ್ಟಿಸುತ್ತಿತ್ತು.

ಪೇಟೆಯ ಸೈಕಲ್ ಅಂಗಡಿಯ ಯಜಮಾನರು ವಯಸ್ಸಾದವರು. ಚಕ್ರ ತಿರುಗಿಸಿ, ಕಡ್ಡಿಯನ್ನು ಉಗುರಿನಿಂದ ಮೀಟಿ ನೋಡಿ, ‘ಇಂಥ ಚಪ್ಟೆ ಕಡ್ಡಿ ನಮ್ ಕಡೆ ಎಲ್ಲೂ ಸಿಕ್ಕಕಿಲ್ಲ ಸಾ. ನಿಪ್ಪಲ್ಲೂ ರಿಮ್ ಒಳಗವೆ, ಟೈರ್ ಬಿಚ್ಚದೆ ಬೆಂಡೂ ತೆಗ್ಯಕಾಗಕಿಲ್ಲ. ಮಾಮೂಲಿ ಕಡ್ಡಿ ಆಗಿದ್ರೆ ಕಾಫಿ ಕುಡ್ಯೋದ್ರಾಗೆ ಹಾಕ್ಕೊಡ್ತಿದ್ದೆ’ ಅಂದರು. ದುಡ್ಡು ಮುಟ್ಟಲಿಲ್ಲ. ಸೈಕಲ್ ಟಾಟಾ ಏಸ್ ಏರಿ ಬೆಂಗಳೂರಿಗೆ ಬಂತು.

ಅಂಗಡಿಗೆ ಹೋದರೆ, ‘ನೀವೇ ಓಡ್ಸಿ ನೋಡಿ ತಗೊಂಡ್ರಲ್ಲ ಸರ್, ಸೆಕೆಂಡ್ ಹ್ಯಾಂಡ್‌ಗೆಲ್ಲ ಗ್ಯಾರಂಟಿ ಎಲ್ಲಿರತ್ತೆ?’ ಬಿಲ್ ಕೊಡಿ ಅಂದರೆ ಹಳೇ ಮಾಲಿಗೆ ಬಿಲ್ ಇಲ್ಲವಂತೆ. ಹಣ ಕೊಡುವ ಮೊದಲೇ ಒಂದು ಕಾಗದದ ಮೇಲೆ ಫ್ರೇಮ್ ಅಳತೆ, ಗ್ರೂಪ್‌ಸೆಟ್, ಬೆಲೆ, ಕ್ರ್ಯಾಂಕ್ ಅಡಿಯಲ್ಲಿ ಕೊರೆದಿರುವ ಫ್ರೇಮ್ ನಂಬರ್ ಬರೆಸಿ ಸಹಿ ಹಾಕಿಸಿಕೊಳ್ಳಿ. ಅದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಲು ಏನಾದರೂ ಆಧಾರ ಇರುತ್ತದೆ, ಬರೀ ಯುಪಿಐ ಸ್ಕ್ರೀನ್‌ಶಾಟ್‌ನಲ್ಲಿ ಏನು ಕೊಂಡಿರಿ ಅಂತ ಇರುವುದಿಲ್ಲ. ನಂಬರ್ ಉಜ್ಜಿ ಅಳಿಸಿದ್ದರೆ ಆ ಸೈಕಲ್ ಮುಟ್ಟಬೇಡಿ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ನೆಲಮಾಳಿಗೆಗಳಿಂದ ದುಬಾರಿ ಸೈಕಲ್‌ಗಳು ಕಳುವಾಗುವುದು ಎಲ್ಲರಿಗೂ ಗೊತ್ತು, ಕದ್ದ ಮಾಲು ನಿಮ್ಮ ಮನೆಯಲ್ಲಿ ಸಿಕ್ಕರೆ ಠಾಣೆಗೆ ಅಲೆಯುವವರು ನೀವೇ.

ಕ್ಯಾಸೆಟ್, ಕ್ರ್ಯಾಂಕ್, ಡಿರೈಲರ್, ಮಾಮೂಲಿ ಹಿಂಚಕ್ರ ಎಲ್ಲಕ್ಕೂ ಸೇರಿ ಮೆಕ್ಯಾನಿಕ್ ಹೇಳಿದ ಲೆಕ್ಕ ಹದಿನೆಂಟು ಸಾವಿರದ ಮೇಲೆ ಹೋಯಿತು. 38ಕ್ಕೆ ಅದನ್ನು ಕೂಡಿಸಿದರೆ 56 ಸಾವಿರ. ಆ ದುಡ್ಡಿಗೆ ಹೊಸದೇ ಬರುತ್ತಿತ್ತು: ಕ್ಲಾರಿಸ್ 8 ಸ್ಪೀಡ್, ಮುಂದೆ 50/34, ಹಿಂದೆ 11-32, ಮಾಮೂಲಿ ಕಡ್ಡಿಯ ಚಕ್ರ, 28ರ ಟೈರು, ಮಡ್‌ಗಾರ್ಡ್ ಕ್ಯಾರಿಯರ್ ಕೂರಿಸಲು ತೂತುಗಳು, ಜೊತೆಗೆ ಬಿಲ್ಲು. ಕ್ಲಾರಿಸ್ ಅಂದರೆ ಮೂಗು ಮುರಿಯುವವರಿದ್ದಾರೆ. ಮುರಿಯಲಿ. 8 ಸ್ಪೀಡ್ ಚೈನು ಅಗ್ಗ, ಚಿಕ್ಕ ಊರಲ್ಲೂ ಸಿಗುತ್ತದೆ, ಗೇರ್ ಟ್ಯೂನಿಂಗ್ ಸ್ವಲ್ಪ ಅತ್ತಿತ್ತ ಆದರೂ ಸಹಿಸಿಕೊಳ್ಳುತ್ತದೆ. ಬಜೆಟ್ ಅಷ್ಟಿಲ್ಲದಿದ್ದರೆ ಒಂದು ಒಳ್ಳೆ ಹೈಬ್ರಿಡ್‌ನಲ್ಲೇ ಮೊದಲ 200 ಮುಗಿಸಿ. ಹಳೆಯದೇ ಬೇಕೆಂದರೆ ಅಂಗಡಿಗಿಂತ ಓಡಿಸುತ್ತಿದ್ದವರ ಹತ್ತಿರವೇ ಕೊಳ್ಳಿ, ನಿಮ್ಮ ಅಳತೆಯದು ಸಿಗುವ ತನಕ ಕಾಯಿರಿ.

ಅದನ್ನು ನಾನು ಅದೇ ಅಂಗಡಿಗೆ ಹದಿನೇಳು ಸಾವಿರಕ್ಕೆ ವಾಪಸ್ ಕೊಟ್ಟೆ. ಹೋದ ವಾರ ಮತ್ತೆ ಮಾರಾಟಕ್ಕೆ ಹಾಕಿದ್ದಾರೆ, ಮುರಿದ ಕಡ್ಡಿಯ ಜಾಗದಲ್ಲಿ ಬೇರೆ ಚಕ್ರ, ಹೊಸ ಬಾರ್ ಟೇಪ್. ಕಪ್ಪು ಫ್ರೇಮ್, ಫೋರ್ಕ್ ಮೇಲೆ ಕೆಂಪು ಪಟ್ಟಿ, ಎಡಗಡೆ ಶಿಫ್ಟರ್‌ನ ರಬ್ಬರ್ ತುದಿಯಲ್ಲಿ ಹರಿದಿದೆ. ಅಂಥದ್ದು ಯಾರಾದರೂ ತೋರಿಸಿದರೆ ಸ್ಟೆಮ್ ಕೆಳಗೆ ಸ್ಪೇಸರ್ ಇದೆಯೇ ಅಂತ ಬಗ್ಗಿ ನೋಡಿ.