ಕಲಾಯಿ ಸೇವೆ: ಹೊಳಪಿಗಿಂತ ಮೊದಲು ಕಡ್ಡಿ ನೋಡಿ

ಹಿತ್ತಾಳೆ, ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸಲು ಈಗ ಎರಡು ದಾರಿ: ಬೀದಿಗೆ ಬರುವ ಕಲಾಯಿ ಗಾಡಿ, ಇಲ್ಲವೇ ಪಾತ್ರೆ ಅಂಗಡಿ. ನಮ್ಮ ಆಯ್ಕೆ ಗಾಡಿ. ಕೆಲಸ ಅಲ್ಲಿ ಹೆಚ್ಚು ನಯ ಎಂದಲ್ಲ, ಬಳಿಯುವ ಲೋಹದ ಕಡ್ಡಿ ಕಣ್ಣೆದುರೇ ಇರುತ್ತದೆ ಎಂದು. ಅಂಗಡಿಗೆ ಕೊಟ್ಟ ಪಾತ್ರೆ ಮರಳಿ ಬಂದಾಗ ಒಳಗಿರುವುದು ತವರವೋ, ಸೀಸ ಬೆರೆತ ಬೆಸುಗೆ ಕಡ್ಡಿಯೋ ಗೊತ್ತಾಗುವುದಿಲ್ಲ. ಹೊಸತರಲ್ಲಿ ಎರಡೂ ಒಂದೇ ಥರ ಹೊಳೆಯುತ್ತವೆ.

ಸೀಸ ಎಂದರೆ ಮಕ್ಕಳ ಮಿದುಳಿನ ಮಾತೇ ಹೆಚ್ಚು ಕೇಳುತ್ತೇವೆ. ದೊಡ್ಡವರಲ್ಲಿ ಪೆಟ್ಟು ಬೀಳುವುದು ಹೃದಯಕ್ಕೆ. ದೇಹ ಸೀಸವನ್ನು ಕ್ಯಾಲ್ಸಿಯಂ ಎಂದೇ ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ರಕ್ತನಾಳಗಳನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ಕುಗ್ಗುತ್ತದೆ, ಮೂತ್ರಪಿಂಡ ಸೊರಗುತ್ತದೆ, ಬಿಪಿ ಏರುತ್ತದೆ. ಮೂಳೆಗೆ ಸೇರಿದ ಸೀಸ ದಶಕಗಟ್ಟಲೆ ಅಲ್ಲೇ ಕೂತು ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಇಳಿಯುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಮೂರನ್ನೂ ಹೃದ್ರೋಗದ ಅಪಾಯ ಹೆಚ್ಚಿಸುವ ಪರಿಸರ ಲೋಹಗಳೆಂದು ಹೆಸರಿಸಿತು. ಸೀಸಕ್ಕೆ ಇಷ್ಟರವರೆಗೆ ಪರವಾಗಿಲ್ಲ ಎಂಬ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಕಲಾಯಿಗೆ ಸೀಸ ಬೆರೆಸುವುದು ದುಡ್ಡಿನ ಆಸೆಗೆ ಮಾತ್ರವಲ್ಲ. ತವರದ ಬೆಲೆ ಸೀಸದ ಹತ್ತು ಪಟ್ಟು ಮೀರುತ್ತದೆ, ನಿಜ. ಜೊತೆಗೆ ಶುದ್ಧ ತವರ ಕರಗಲು 232 ಡಿಗ್ರಿ ಬೇಕು. ಸರಿಯಾದ ಪ್ರಮಾಣದಲ್ಲಿ ಸೀಸ ಸೇರಿದರೆ 183ಕ್ಕೇ ಕರಗಿ ಸರಾಗವಾಗಿ ಹರಡುತ್ತದೆ. ಹಾಗಾಗಿ ಕೇಳಿದ ಕೂಲಿ ತೀರ ಕಡಿಮೆ ಎನಿಸಿದರೆ ಖುಷಿಪಡಬೇಡಿ, ಕಡ್ಡಿ ಕೈಗೆ ತೆಗೆದುಕೊಳ್ಳಿ. ಶುದ್ಧ ತವರದ ಕಡ್ಡಿ ಬಗ್ಗಿಸುವಾಗ ಕರಕರ ಸದ್ದು ಮಾಡುತ್ತದೆ. ಬಿಳಿ ಕಾಗದದ ಮೇಲೆ ಎಳೆದಾಗ ಪೆನ್ಸಿಲಿನಂಥ ಬೂದು ಗೆರೆ ಬಿದ್ದರೆ ಅದರಲ್ಲಿ ಸೀಸ ಧಾರಾಳವಾಗಿದೆ. ಅಲ್ಪಸ್ವಲ್ಪ ಬೆರಕೆಯನ್ನು ಈ ಎರಡೂ ಹಿಡಿಯಲಾರವು. ಗಟ್ಟಿ ಉಪಾಯವೆಂದರೆ ಲೋಹದ ವ್ಯಾಪಾರಿಯಿಂದ ಪರೀಕ್ಷಾ ಪತ್ರವಿರುವ 99.9 ಶೇಕಡಾ ತವರ ಕೊಂಡು ನೀವೇ ಕೊಡುವುದು, ಗಾಡಿಯವರಿಗೆ ಕೂಲಿಯಷ್ಟೇ ಸಲ್ಲಿಸುವುದು. ಲ್ಯಾಬಿನಲ್ಲಿ ಎಕ್ಸ್-ಕಿರಣದಿಂದ ಲೋಹದ ಬೆರಕೆ ಓದುವ ಎಕ್ಸ್‌ಆರ್‌ಎಫ್ ಮಾಡಿಸುವವರು ಪಾತ್ರೆಯನ್ನಲ್ಲ, ಕಡ್ಡಿಯನ್ನು ಒಯ್ಯಬೇಕು. ಲೇಪ ತೆಳು, ಯಂತ್ರ ಅದನ್ನು ದಾಟಿ ಹಿತ್ತಾಳೆಯಲ್ಲೇ ಇರುವ ಸೀಸವನ್ನೂ ಸೇರಿಸಿ ಓದುತ್ತದೆ.

ಕೆಲಸ ನಡೆಯುವಾಗ ಪಕ್ಕದಲ್ಲೇ ನಿಂತು ನೋಡಿ. ಹೆಚ್ಚಿನವರು ತಪ್ಪುವುದು ಹಳೆ ಕಲಾಯಿಯಲ್ಲಿ. ಅದರ ಮೇಲೆಯೇ ಹೊಸದು ಬಳಿದರೆ ಹಳೆಯ ಸೀಸ ಕರಗಿ ಹೊಸ ತವರಕ್ಕೆ ಸೇರುತ್ತದೆ. ಮೊದಲು ಪಾತ್ರೆ ಕಾಯಿಸಿ, ಹಳೆಯದನ್ನು ಹತ್ತಿಯಿಂದ ಎರಡು ಸಲ ಒರೆಸಿ ತೆಗೆಸಿ, ಆ ಹತ್ತಿ ಎಸೆಯಲು ಹೇಳಿ. ಒಣದಾಗಿ ಉಜ್ಜಿದರೆ ಏಳುವ ಧೂಳು ಕಲಾಯಿಯವರ ಎದೆಗೇ ಹೋಗುತ್ತದೆ, ನೀರು ಹಾಕಿ ಉಜ್ಜಲಿ. ಆಮೇಲೆ ಕಿಲುಬು ಪೂರ್ತಿ ತೊಳೆದು, ಇದ್ದಿಲ ಮೇಲೆ ಕಾಯಿಸಿ, ನವಸಾಗರದ (ಅಮೋನಿಯಂ ಕ್ಲೋರೈಡ್) ಪುಡಿ ಉದುರಿಸಿ, ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಸುತ್ತ ಹರಡಿ, ತಣ್ಣೀರಿಗೆ ಅದ್ದುತ್ತಾರೆ. ನವಸಾಗರದಿಂದ ಏಳುವ ಬಿಳಿ ಹೊಗೆ ಗಂಟಲು ಸುಡುತ್ತದೆ, ಮಕ್ಕಳು ದೂರವಿರಲಿ. ಕಪ್ಪು ಮಚ್ಚೆ ಉಳಿದರೆ ಕಿಲುಬು ಹೋಗಿಲ್ಲ, ಗಂಟು ಗಂಟಾದರೆ ಕಾವು ಸಾಲದು, ಹಳದಿಗೆ ತಿರುಗಿದರೆ ಕಾವು ಹೆಚ್ಚಾಗಿದೆ.

ಒಳ್ಳೆಯ ಕಲಾಯಿಯನ್ನೂ ಹಾಳುಮಾಡುವುದು ಅಡುಗೆಮನೆಯೇ. ಖಾಲಿ ಪಾತ್ರೆ ಒಲೆಯ ಮೇಲಿಡಬೇಡಿ. ಒಗ್ಗರಣೆ ಬೇರೆ ಸೌಟಿನಲ್ಲಿ ಮಾಡಿ. ಕಾದ ಎಣ್ಣೆ ತವರ ಕರಗುವ 232 ಡಿಗ್ರಿ ಮುಟ್ಟುವುದು ಕಷ್ಟವಲ್ಲ. ಸ್ಟೀಲ್ ಜುಂಗಿನಿಂದ ಉಜ್ಜುವುದು ಬೇಡ. ತಳದಲ್ಲಿ ಹಿತ್ತಾಳೆಯ ಹಳದಿ, ತಾಮ್ರದ ಕೆಂಪು ಇಣುಕಿದರೆ ಹುಣಸೆ ಸಾರು, ಮಜ್ಜಿಗೆ ಹುಳಿ ಅಲ್ಲಿಗೇ ನಿಲ್ಲಿಸಿ, ಮತ್ತೆ ಕಲಾಯಿ ಮಾಡಿಸಿ.

ಯಾವ ಲೋಹದ್ದೆಂದು ತಿಳಿಯದ ಕಲಾಯಿಯಲ್ಲಿ ವರ್ಷಗಟ್ಟಲೆ ಹುಳಿ ಕುದಿಸಿದ ಮನೆಯಲ್ಲಿ ಬಿಪಿ ಇರುವವರು ವೈದ್ಯರಿಗೆ ಅದನ್ನು ಹೇಳಿ ರಕ್ತದ ಸೀಸ ಪರೀಕ್ಷೆ ಮಾಡಿಸಬೇಕು. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ನಿಲ್ಲಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಸೂಚನೆ. ಕಡ್ಡಿ ತೋರಿಸಲು ಒಪ್ಪದವರ ಕೈಗೆ ಪಾತ್ರೆ ಕೊಡಬೇಡಿ. ಅಂಥವರೇ ಸಿಕ್ಕರೆ ಸಾರಿಗೆ ಸ್ಟೀಲ್ ಪಾತ್ರೆ ಸಾಕು, ಹಿತ್ತಾಳೆಯದರಲ್ಲಿ ಅಕ್ಕಿ ತುಂಬಿಡಿ.